ಬ್ರೇಕಿಗೆ ಕಾಲು ತಾಗಿದ ಪಾಪ

ಮುಂಬಯಿ ಪರೇಲಿನ ಆ ಚಾಳಿಗೆ, ಮಿಲ್ಲಿನವರ ವಠಾರಕ್ಕೆ, ಬಂದು ಯಾರಾದರೂ "ಟ್ಯಾಕ್ಸಿ ಪೂವಪ್ಪ ಅಂದರೆ ಯಾರು?" ಎಂದು ಕೇಳಿದರೆ ಅವನೇ ಎದುರು ಬಂದು ನಿಲ್ಲುತ್ತಿದ್ದ. "ದೇವರು ಬುದ್ಧಿ ಹಂಚುವಾಗ ಸಾಲಿನಲ್ಲಿ ನಿಂತು ನಿದ್ದೆ ಮಾಡಿದವ ಒಬ್ಬ ಇದ್ದಾನಲ್ಲ, ಅವನೇ ನಾನು. ಎಂತ ಆಗ್ಬೇಕಿತ್ತು?" ಎನ್ನುತ್ತಿದ್ದ. ತನ್ನನ್ನು ಬಯ್ಯುವ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟುಕೊಟ್ಟದ್ದೇ ಇಲ್ಲ. ನಾಲ್ಕು ಜನ ನಗುವ ಮೊದಲು ನಾವೇ ನಕ್ಕುಬಿಟ್ಟರೆ ಅವರ ನಗೆ ಸಪ್ಪೆಯಾಗುತ್ತದೆ ಎಂಬುದು ಅವನು ಮುಂಬಯಿಯಲ್ಲಿ ಕಲಿತ ವಿದ್ಯೆ.

ಮಂಗಳೂರಿನಿಂದ ಸ್ಟೀಮರಿನಲ್ಲಿ ವಾಂತಿ ಮಾಡಿಕೊಂಡೇ ಬಂದವನು ಅವನು. ಬೈಕುಲ್ಲಾದಲ್ಲಿ ರಮಾನಾಥ ಶೆಟ್ಟರ ಹೋಟೆಲು ಸೇರಿದ. ಗ್ಲಾಸು ತೊಳೆದ, ಉದ್ದು ರುಬ್ಬಿದ, ಕೊನೆಗೆ ದೋಸೆ ಕಾವಲಿಯ ಮುಂದೆ ನಿಂತ. ನಿಂತವನು ನಿಂತೇ ಇದ್ದ. ಬೆಂಕಿ ಮುಂದೆ, ಗೋಡೆ ಹಿಂದೆ, ಹೊಗೆ ತಲೆಯ ಮೇಲೆ. ವರ್ಷಗಳು ಹೋದವು, ಕೆಮ್ಮು ಮಾತ್ರ ಹೋಗಲಿಲ್ಲ. ರಾತ್ರಿ ಅವನು ಕೆಮ್ಮಿದರೆ ಹೆಂಡತಿ ರಾಜೀವಿ ಎದ್ದು ಕುಳಿತುಕೊಳ್ಳುತ್ತಿದ್ದಳು. "ನಂಗೆ ಬಂಗಾರ ಬೇಡ, ಸೀರೆ ಬೇಡ. ನೀವು ಆ ಕಾವಲಿ ಬಿಡಿ. ಈ ಕೆಮ್ಮು ಕೇಳ್ಲಿಕ್ಕೆ ನಂಗೆ ಆಗುದಿಲ್ಲ" ಎನ್ನುತ್ತಿದ್ದಳು. ಅದೊಂದನ್ನೇ ಅವಳು ಕೇಳಿದ್ದು.

ಹೋಟೆಲಿಗೆ ಬರುವ ಟ್ಯಾಕ್ಸಿಯವರಿಗೆ ಚಟ್ನಿ ಜಾಸ್ತಿ ಹಾಕಿ ಹಾಕಿ ಪೂವಪ್ಪ ಡ್ರೈವಿಂಗು ಕಲಿತ. ಗಂಡ ಹೆಂಡತಿ ಇದ್ದಬದ್ದದ್ದನ್ನೆಲ್ಲ ಬಳಿದು ಒಂದು ಹಳೆಯ ವಿಲಾಯಿತಿ ಕಾರು ಕೊಂಡರು. ಹೋಟೆಲು ಬಿಡುವ ದಿನ ರಮಾನಾಥ ಶೆಟ್ಟರು ಬೆನ್ನು ತಟ್ಟಿ, "ಹೋಗಿ ಬಾ ಪೂವಪ್ಪ. ಆಗಲಿಲ್ಲ ಅಂದ್ರೆ ಚಿಂತೆ ಇಲ್ಲ, ಕಾವಲಿ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು ಪಾಪ. ಆದರೆ ಪೂವಪ್ಪನಿಗೆ ಆ ಮಾತು ಶಾಪದ ಹಾಗೆ ಕೇಳಿತು. ಕಾರು ಎಲ್ಲಿ ಸ್ವಲ್ಪ ಕೊಸರಿದರೂ ಅವನ ಕಣ್ಣಿಗೆ ಆ ಕಪ್ಪು ಕಾವಲಿಯೇ ಕಾಣುತ್ತಿತ್ತು.

ಇನ್ನು ಆಯುಧಪೂಜೆ. ಎಲ್ಲ ಅನಾಹುತದ ಬೇರು ಅಲ್ಲೇ ಇದ್ದದ್ದು. ಕಾರು ಬಂದ ಮೇಲೆ ಮೊದಲ ಪೂಜೆ ನೋಡಿ, ಪೂವಪ್ಪನ ಗತ್ತು ಕೇಳಬೇಕೇ? ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ಚಕ್ರದಡಿ ಲಿಂಬೆಹಣ್ಣು, ಸ್ಟೇರಿಂಗಿಗೆ ಗಂಧ, ಪೆಡಲುಗಳಿಗೂ ಕುಂಕುಮ. ಚಾಳಿನ ಜನವೆಲ್ಲ ಅಂಗಳದಲ್ಲಿ ಸೇರಿತ್ತು. ಒಳಗಿನ ಕನ್ನಡಿಗೆ ಹೂ ಕಟ್ಟಲು ಹತ್ತಿದ ರಾಜೀವಿಯ ಹಿಮ್ಮಡಿ ಬ್ರೇಕಿನ ಪೆಡಲಿಗೆ ತಾಗಿತು. ಅಷ್ಟೇ!

"ಅಯ್ಯಯ್ಯೋ! ಅನ್ನ ಕೊಡುವ ಲಕ್ಷ್ಮಿಯ ಮೇಲೆ ಕಾಲು ಇಡ್ತೀಯಾ? ಮುಟ್ಟಿ ಕಣ್ಣಿಗೆ ಒತ್ತಿಕೊ!" ಎಂದು ಪೂವಪ್ಪ ಅಂಗಳ ಹಾರಿಹೋಗುವ ಹಾಗೆ ಬೊಬ್ಬೆ ಹೊಡೆದ.

"ನೀವು ದಿನಾ ಚಪ್ಪಲಿ ಕಾಲಲ್ಲಿ ತುಳೀತೀರಲ್ಲ, ಅದಕ್ಕೆ ಎಂತ ಹೇಳ್ತೀರಿ?"

"ನಾನು ತುಳಿಯುವುದು ಉದ್ಯೋಗ. ನೀನು ತುಳಿಯುವುದು ಪಾಪ. ಇನ್ನು ಯಾವತ್ತು ಕಾಲು ತಾಗಿದ್ರೂ ಅಲ್ಲಿಂದಲ್ಲಿಗೇ ಮುಟ್ಟಿ ನಮಸ್ಕಾರ ಮಾಡ್ಬೇಕು. ಕೇಳಿತಾ?"

"ಕೇಳಿತು" ಎಂದು ರಾಜೀವಿ ಪೆಡಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಜನ ತಲೆದೂಗಿದರು. ಪೂವಪ್ಪ ಎದೆ ಉಬ್ಬಿಸಿ ಕುಂಬಳಕಾಯಿ ಒಡೆದ.

ಹಬ್ಬ ಕಳೆದು ಕೆಲವು ದಿನ ಆಗಿತ್ತು. ಕೋರ್ಟು ಕಚೇರಿಗಳಿರುವ ಫೋರ್ಟಿಗೆ ಹೊರಟ ಒಬ್ಬ ವಕೀಲರನ್ನು ಕೂರಿಸಿಕೊಂಡು ಪರೇಲಿನ ಪಕ್ಕದ ಲಾಲ್‌ಬಾಗ್ ದಾಟುವಾಗ ಮುಂದಿನ ಬಾಳೆಹಣ್ಣಿನ ಕೈಗಾಡಿ ಗಕ್ಕನೆ ನಿಂತಿತು. ಪೂವಪ್ಪ ಬ್ರೇಕು ಒತ್ತಿದ. ಕಾಲು ಇಡ್ಲಿಯ ಮೇಲೆ ಇಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಆಗ ಪೆಡಲಿಗೆ ಸ್ವಲ್ಪ ಜೀವ ಬಂದು ಕಾರು ಕೈಗಾಡಿಗೆ ಮುತ್ತಿಟ್ಟು ನಿಂತಿತು. ಒಂದು ಗೊನೆ ಜಾರಿ ಬಾನೆಟ್ಟಿನ ಮೇಲೆ ಬಂದು ಕುಳಿತಿತು. "ಡೋಳೇ ಫುಟ್ಲೇ ಕಾ ರೇ?" ಎಂದು ಗಾಡಿಯವನು ಕೂಗಿದ. "ಕಣ್ಣು ಸರಿ ಉಂಟು, ಕಾಲಿನ ಕೆಳಗಿನದ್ದು ಮಾತ್ರ ಇಲ್ಲ" ಎಂದು ಪೂವಪ್ಪ ಕನ್ನಡದಲ್ಲೇ ಗೊಣಗಿದ. ವಕೀಲರು ಇಳಿದು ಟ್ರಾಮು ಹತ್ತಿದರು.

ಅಲ್ಲಿಂದ ಚಾಳಿನವರೆಗೆ ಅವನು ಆಮೆಯ ನಡಿಗೆಯಲ್ಲಿ, ಹಿಂದಿನಿಂದ ಬಯ್ಯುವವರಿಗೆಲ್ಲ ಕೈಮುಗಿಯುತ್ತ ಬಂದ. ಬಂದವನು ಅಂಗಳದಲ್ಲಿ ಕಾರು ನಿಲ್ಲಿಸಿ ವೈದ್ಯನ ಗಂಭೀರ ಮುಖ ಮಾಡಿಕೊಂಡು ಪರೀಕ್ಷೆಗೆ ಕುಳಿತ. ಪದೇ ಪದೇ ಒತ್ತಿದರೆ ಪೆಡಲು ಮೇಲೆ ನಿಲ್ಲುತ್ತದೆ. ಒತ್ತಿಯೇ ಹಿಡಿದರೆ ನಿಧಾನ ಕೆಳಗೆ ಇಳಿಯುತ್ತದೆ. ಕಾಲಡಿಯ ಹಲಗೆ ತೆಗೆದು ಬ್ರೇಕ್ ಎಣ್ಣೆಯ ಡಬ್ಬಿ ನೋಡಿದರೆ ಅರ್ಧಕ್ಕಿಂತ ಕೆಳಗೆ. ಎಣ್ಣೆ ಎಲ್ಲೋ ಸೋರುತ್ತಿದೆ ಎಂದಾಯಿತು. ನಾಲ್ಕೂ ಚಕ್ರದ ಹಿಂದೆ ಇಣುಕಿದ. ಹಿಂದಿನ ಎಡ ಚಕ್ರದ ಒಳಮೈ ಒದ್ದೆ. ಇದು ಬ್ರೇಕಿನ ಎಣ್ಣೆಯೋ, ಆಕ್ಸಲಿನ ಎಣ್ಣೆಯೋ? ದೇವರಾಣೆ ಹೇಳುತ್ತೇನೆ, ಮೆಕ್ಯಾನಿಕ್ಕಾದವನು ಮೂಸಿ ನೋಡುತ್ತಿದ್ದ. ಇವನು ಅಡುಗೆಮನೆಯ ಅಭ್ಯಾಸದಲ್ಲಿ ಬೆರಳು ಅದ್ದಿ ನಾಲಗೆಗೆ ಇಟ್ಟ! ಸಣ್ಣಂದಿನಲ್ಲಿ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆಯ ನೆನಪು ಹೊಟ್ಟೆಯಿಂದ ಎದ್ದು ಬಂತು. ಆಗಿನ ಬ್ರೇಕ್ ಎಣ್ಣೆಗೆ ಹರಳೆಣ್ಣೆಯನ್ನೇ ಬೆರೆಸುತ್ತಿದ್ದರು. ಥೂ ಥೂ ಎಂದು ಉಗಿದು ಉಗಿದು, "ಬ್ರೇಕಿಂದೇ! ಉಪ್ಪು ಮಾತ್ರ ಸ್ವಲ್ಪ ಕಮ್ಮಿ!" ಎಂದು ಘೋಷಿಸಿದ.

ಬೈಕುಲ್ಲಾದಲ್ಲಿ ಗ್ಯಾರೇಜು ಇಟ್ಟ ದೂಜ ಅವನ ಹಳೆಯ ಗೆಳೆಯ. ಶನಿವಾರ ಅವನಲ್ಲಿಗೆ ಹೋದ. ಎಲ್ಲ ಕೇಳಿದ ದೂಜ, "ಚಕ್ರದ ಒಳಗಿನ ರಬ್ಬರ್ ವಾಷರು ಹರಿದಿರ್ತದೆ. ಸೋಮವಾರ ತಾ, ಮಾಡಿ ಕೊಡ್ತೇನೆ. ನಾಳೆ ನಾನು ಇಲ್ಲ, ಕಲ್ಯಾಣ್ ಊರಿಗೆ, ತಂಗಿ ಮನೆಗೆ, ಹೋಗ್ಲಿಕ್ಕುಂಟು" ಎಂದ.

"ಸೋಮವಾರ ಬೆಳಿಗ್ಗೆ ನನ್ನ ಗಾಡಿಗೆ ಪಾಸಿಂಗ್ ಮಾರಾಯ!"

ಪಾಸಿಂಗ್ ಎಂದರೆ ವರ್ಷಕ್ಕೊಮ್ಮೆ ಸರಕಾರದ ಇನ್ಸ್‌ಪೆಕ್ಟರು ಟ್ಯಾಕ್ಸಿಯನ್ನು ಓಡಿಸಿ ನೋಡುವ ಪರೀಕ್ಷೆ. ಮೊದಲು ನೋಡುವುದೇ ಬ್ರೇಕು. ಫೇಲಾದರೆ ಟ್ಯಾಕ್ಸಿ ಮೂಲೆಗೆ, ಪೂವಪ್ಪ ಕಾವಲಿಗೆ. ಅವನಲ್ಲಿ ಕಾದು ಕೂರುವಷ್ಟು ಗಂಟು ಎಲ್ಲಿತ್ತು?

"ಹಾಗಾದ್ರೆ ಇವತ್ತು ಸಂಜೆಯೇ ತಾ. ಇದ್ದ ಕೆಲಸ ಬಿಟ್ಟು ಮಾಡ್ತೇನೆ" ಎಂದ ದೂಜ. ಆಗ ಹೂಂ ಅನ್ನುವುದಲ್ಲವೇ? ಪೂವಪ್ಪನ ಬಾಯಿ ಸುಮ್ಮನಿರಬೇಕಲ್ಲ! "ಬೇಡ ಬಿಡು. ದೋಸೆ ತೆಳ್ಳಗೆ ಹುಯ್ದವನಿಗೆ ಬ್ರೇಕು ಎಂತ ಮಹಾ? ವಾಷರು ಕೊಡು, ದಾರಿ ಹೇಳು, ನಾನೇ ಮಾಡ್ತೇನೆ" ಎಂದುಬಿಟ್ಟ. ದೂಜ ವಾಷರೂ ಒಂದು ಡಬ್ಬಿ ಬ್ರೇಕ್ ಎಣ್ಣೆಯೂ ಕೊಟ್ಟ.

"ವಾಷರು ಹಾಕುದು ಸುಲಭ. ಆಮೇಲೆ ಪೈಪಿನ ಒಳಗೆ ಸೇರಿದ ಗಾಳಿ ತೆಗೀಬೇಕು. ಗಾಳಿ ಇದ್ರೆ ಪೆಡಲು ಮೆತ್ತಗೇ ಇರ್ತದೆ. ಒಬ್ಬರು ಒಳಗೆ ಕೂತು ಪೆಡಲು ಒತ್ತಿ ಹಿಡೀಬೇಕು, ನೀನು ಚಕ್ರದ ಹಿಂದಿನ ಸಣ್ಣ ತಿರುಪು ಸಡಿಲ ಮಾಡು. ಎಣ್ಣೆ ಜೊತೆ ಗಾಳಿ ಗುಳುಗುಳು ಅಂತ ಹೊರಗೆ ಬರ್ತದೆ. ತಿರುಪು ಬಿಗಿ ಮಾಡಿದ ಮೇಲೆಯೇ ಅವರು ಕಾಲು ತೆಗೀಬೇಕು. ಮೊದಲೇ ತೆಗೆದ್ರೆ ಹೋದ ಗಾಳಿ ಅಷ್ಟೂ ವಾಪಸು."

"ಇಷ್ಟೆಯಾ?" ಎಂದ ಪೂವಪ್ಪ.

ಭಾನುವಾರ ಬೆಳಿಗ್ಗೆ ಚಕ್ರ ಬಿಚ್ಚಿದ, ಹರಿದ ವಾಷರು ತೆಗೆದ, ಹೊಸದು ಕೂರಿಸಿದ. ಅಷ್ಟು ಸರಿಯಾಗಿಯೇ ಮಾಡಿದ ಎಂದು ಒಪ್ಪಿಕೊಳ್ಳಬೇಕು. ಆಮೇಲೆ ರಾಜೀವಿಯನ್ನು ಕರೆದು ಡ್ರೈವರನ ಸೀಟಿನಲ್ಲಿ ಕೂರಿಸಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಡಲನ್ನು ನೋಡಿ ಒಂದು ಸಲ ಉಗುಳು ನುಂಗಿದಳು.

"ನಾನು ಒತ್ತು ಅಂದಾಗ ಒತ್ತು, ಬಿಡು ಅಂದಾಗ ಬಿಡು" ಎಂದಷ್ಟೇ ಹೇಳಿದ ಪೂವಪ್ಪ. ಯಾಕೆ ಏನು ಎಂದು ಬಿಡಿಸಿ ಹೇಳಲಿಲ್ಲ. ಹೆಂಗಸರಿಗೆ ಗಾಳಿಯ ಶಾಸ್ತ್ರ ಯಾಕೆ ಎಂದುಕೊಂಡ, ಮಹಾ ಪಂಡಿತ! ಅಂಗಾತ ಮಲಗಿ ಕಾರಿನಡಿಗೆ ತೆವಳಿದ. ಸೋರುವ ಎಣ್ಣೆ ಹಿಡಿಯಲು ಒಂದು ತೆಂಗಿನ ಗೆರಟೆ ಇಟ್ಟುಕೊಂಡ.

"ಒತ್ತು!" ಎಂದ.

"ಒತ್ತಿದೆ" ಎಂದಳು.

ತಿರುಪು ಸಡಿಲ ಮಾಡಿದ. ಗುಳುಗುಳು ಎಂದು ಗುಳ್ಳೆ ಬಂತು. ಆಹಾ, ಎಷ್ಟು ಸುಲಭ! ಬಿಗಿ ಮಾಡಿ "ಬಿಡು" ಎಂದ. ಮತ್ತೆ ಒತ್ತು, ಮತ್ತೆ ಗುಳ್ಳೆ. ಹೀಗೆ ಮಾಡಿ ಮಾಡಿ ಎದ್ದು ಬಂದು ಪೆಡಲು ಒತ್ತಿ ನೋಡಿದರೆ ಇಡ್ಲಿ ಇಡ್ಲಿಯೇ. ಡಬ್ಬಿಗೆ ಎಣ್ಣೆ ಸುರಿದು ಪುನಃ ಕೆಳಗೆ ಹೋದ. ಗುಳ್ಳೆ ನಿಲ್ಲಲೇ ಇಲ್ಲ. ಉಳಿದ ಮೂರು ಚಕ್ರಗಳಲ್ಲೂ ಇರಬಹುದು ಎಂದು ಅಲ್ಲಿಗೂ ತೆವಳಿದ. ಅಲ್ಲಿಯೂ ಗುಳ್ಳೆ. ಇಡೀ ಮುಂಬಯಿಯ ಗಾಳಿ ತನ್ನ ಕಾರಿನ ಪೈಪಿನೊಳಗೇ ಬಂದು ಕುಳಿತಿದೆಯೋ ಎಂದು ಅವನಿಗೆ ಅನುಮಾನ ಬಂತು.

ಬಿಸಿಲು ಏರಿತು. ದೂಜ ಕೊಟ್ಟ ಡಬ್ಬಿಯ ತಳದಲ್ಲಿ ಒಂದಿಷ್ಟು ಎಣ್ಣೆ ಉಳಿದಿತ್ತು. ಭಾನುವಾರ, ಅಂಗಡಿಗಳಿಗೆಲ್ಲ ಬೀಗ.

"ಎಣ್ಣೆ ಸಾಲದಿದ್ರೆ ತೆಂಗಿನೆಣ್ಣೆ ಹಾಕಿದ್ರೆ ಆಗ್ಲಿಕ್ಕಿಲ್ವಾ?" ಎಂದು ಮೇಲಿನಿಂದ ರಾಜೀವಿ ಮೆಲ್ಲಗೆ ಕೇಳಿದಳು.

"ಹಾಕುವ, ಒಗ್ಗರಣೆಯೂ ಕೊಡುವ! ರಬ್ಬರು ನೆನೆಹಾಕಿದ ಉದ್ದಿನ ಹಾಗೆ ಉಬ್ಬಿ ಕೂತೀತು!" ಎಂದು ಅವನು ಕೆಳಗಿನಿಂದ ಹಾರಿಬಿದ್ದ. ಬೆನ್ನಿನಡಿ ಕಲ್ಲು ಚುಚ್ಚುತ್ತಿತ್ತು, ಮುಖದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರು, ನಾಡಿದ್ದು ಶೆಟ್ಟರ ಹೋಟೆಲು. "ಬಾ ಪೂವಪ್ಪ" ಎಂದು ಶೆಟ್ಟರು ನಗದೆ ಕರೆಯುವುದು ಕಣ್ಣಿಗೆ ಕಟ್ಟಿತು. ನಕ್ಕರಾದರೂ ತಡೆದುಕೊಳ್ಳಬಹುದಿತ್ತು. ತಾನು ಯಾಕಾದರೂ ಬಾಯಿ ಬಿಟ್ಟು ದೂಜನ ಹತ್ತಿರ ದೊಡ್ಡಸ್ತಿಕೆ ಕೊಚ್ಚಿದೆನೋ ಎಂದು ಅವನಿಗೆ ನಿಜವಾಗಿ ಅಳು ಬಂತು.

ಅಷ್ಟರಲ್ಲಿ ನಳದ ಕಟ್ಟೆಯಿಂದ ಅಂಬವ್ವನ ದನಿ ಕೇಳಿತು. ಅವಳು ಮಿಲ್ಲಿನ ಬಸವಂತಪ್ಪನ ತಾಯಿ, ವಿಜಾಪುರದ ಕಡೆಯವಳು. ಬೆಳಗಿನಿಂದ ಅಲ್ಲೇ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು.

"ಏನ್ ಪೂವಪ್ಪಾ, ಇನ್ನ ಎಷ್ಟೊತ್ತು ನಡೀತೈತಿ ಈ ಪೂಜಿ? ನಳದಾಗ ನೀರ ನಿಂತು ಹೋತು, ನಿಂದು ಮುಗೀವಲ್ದು!"

"ಪೂಜೆ ಎಂತದು ಅವ್ವಾ? ಇದು ರಿಪೇರಿ!"

"ರಿಪೇರಿ? ಮತ್ತ ಅಕಿ ಯಾಕ ಪ್ರತಿ ಸಲ ಒಮ್ಮೆ ತುಳದು, ಕಾಲ ತಗದು, ಮುಟ್ಟಿ ಕಣ್ಣಿಗಿ ಒತ್ಕೊಂಡು, ಮತ್ತ ಕಾಲ ಇಡತಾಳ? ನಿಮ್ಮ ಮಂಗಳೂರ ಕಡೆ ಪದ್ಧತಿ ಐತೇನೋ ಅನಕೊಂಡು ನಾವೆಲ್ಲ ಸುಮ್ಮ ಕುಂತೀವಿ. ನಾನೂ ಎರಡ ಸಲ ಕೈ ಮುಗದೆ!"

ಕಾರಿನಡಿ ಪೂವಪ್ಪ ಗೆರಟೆ ಹಿಡಿದುಕೊಂಡು ಹಾಗೆಯೇ ಮಲಗಿದ್ದ. ತಿರುಪು ಇನ್ನೂ ತೆರೆದಿರುವಾಗಲೇ ರಾಜೀವಿ ಕಾಲು ತೆಗೆಯುತ್ತಿದ್ದಳು! ಇವನು ಕೆಳಗೆ ಬಿಟ್ಟ ಗಾಳಿಯನ್ನು ಅವಳು ಮೇಲೆ ನಮಸ್ಕಾರ ಮಾಡಿ ಒಳಗೆ ಕರೆದುಕೊಳ್ಳುತ್ತಿದ್ದಳು. ಬೆಳಗಿನಿಂದ ನಡೆದದ್ದು ಇಷ್ಟೇ. ಬೈಗುಳ ನಾಲಗೆಯ ತುದಿಗೆ ಬಂತು. ಆದರೆ ಯಾರನ್ನು ಬಯ್ಯುವುದು? ಇದೇ ಅಂಗಳದಲ್ಲಿ, ಇದೇ ಜನರ ಮುಂದೆ, ಅಂಗಳ ಹಾರಿಹೋಗುವ ಹಾಗೆ ಬೊಬ್ಬೆ ಹೊಡೆದವನು ಯಾವ ಮಹಾನುಭಾವ?

ತೆವಳಿ ಹೊರಗೆ ಬಂದು ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತ. "ನಾನು ಬಿಡು ಅನ್ನುವವರೆಗೆ ಕಾಲು ತೆಗೀಬಾರದು ಮಾರಾಯ್ತಿ. ತೆಗೆದ್ರೆ ಗಾಳಿ ಒಳಗೆ ಹೋಗ್ತದೆ."

"ಒಂದು ಗಳಿಗೆ ಮಾತ್ರ ತೆಗೆದದ್ದು."

"ಆ ಒಂದು ಗಳಿಗೆಯೇ ಸಾಕು. ನಮಸ್ಕಾರ ಎಲ್ಲ ಮುಗಿದ ಮೇಲೆ ಒಟ್ಟಿಗೆ ಮಾಡು. ಬೇಕಾದ್ರೆ ಈಗಲೇ ಮುಂಗಡ ಮಾಡಿಬಿಡು."

"ಮುಂಗಡ ಮಾಡಿದ್ರೆ ಅದು ತಪ್ಪೊಪ್ಪಿಗೆ ಆಗ್ತದಾ? ವ್ಯಾಪಾರ ಆಗ್ತದೆ. ತಾಗಿದ ಕೂಡ್ಲೇ ಅಲ್ಲಿಂದಲ್ಲಿಗೇ ಮಾಡ್ಬೇಕು ಅಂತ ನೀವೇ ಹೇಳಿದ್ದಲ್ವಾ?" ಎಂದಳು ರಾಜೀವಿ. "ನಾಳೆ ಪಾಸಿಂಗ್. ಇವತ್ತು ನಾನು ತುಳಿದು ತುಳಿದು ಲಕ್ಷ್ಮಿಗೆ ಸಿಟ್ಟು ಬಂದ್ರೆ? ನಿಮ್ಮನ್ನು ಪುನಃ ಆ ಹೊಗೆಗೆ ಕಳಿಸ್ಲಿಕ್ಕೆ ನಾನೇ ಕಾರಣ ಆಗ್ಬೇಕಾ?"

ಅವಳ ಕಣ್ಣು ತುಂಬಿತ್ತು. ಬೆಳಗಿನಿಂದ ಇವಳು ಪ್ರತಿ ಸಲ ಕಣ್ಣಿಗೆ ಒತ್ತಿಕೊಂಡದ್ದು ತನ್ನ ಕೆಮ್ಮನ್ನು ನೆನೆದು ಎಂದು ಪೂವಪ್ಪನಿಗೆ ಆಗ ಹೊಳೆಯಿತು. ಅವನು ಎರಡೂ ಕೈ ಚಾಚಿ ಅವಳ ಪಾದವನ್ನು ಹಿಡಿದು ಎತ್ತಿ ಬ್ರೇಕಿನ ಪೆಡಲಿನ ಮೇಲೆ ಇಟ್ಟ. ಗೋರಂಟಿ ಹಚ್ಚಿದ ಹಾಗೆ ಕಪ್ಪು ಎಣ್ಣೆ ಅವಳ ಪಾದಕ್ಕೆಲ್ಲ ಮೆತ್ತಿಕೊಂಡಿತು.

"ತುಳಿ. ಪಾಪ ಇದ್ರೆ ಅದು ನನ್ನ ಲೆಕ್ಕಕ್ಕೆ. ಅವತ್ತು ಆ ಮಾತು ಹೇಳಿದವ ನಾನು. ಬುದ್ಧಿ ಹಂಚುವಾಗ ನಿದ್ದೆ ಮಾಡಿದವನ ಮಾತನ್ನು ಯಾರಾದ್ರೂ ಇಷ್ಟು ಗಟ್ಟಿ ಹಿಡ್ಕೊಳ್ತಾರಾ?"

"ಯವ್ವಾ! ಗಂಡ ಹೇಣ್ತಿ ಕಾಲ ಹಿಡದಾನ, ನೋಡ್ರಿ!" ಎಂದು ಅಂಬವ್ವ ಗಲ್ಲಕ್ಕೆ ಕೈ ಹಚ್ಚಿದಳು.

"ಬ್ರೇಕು ಸಿಗ್ತದೆ ಅಂದ್ರೆ ನಿಮ್ಮ ಕಾಲೂ ಹಿಡೀತೇನೆ ಅವ್ವಾ. ಚಾಚಿ!" ಎಂದ ಪೂವಪ್ಪ. ಅಂಗಳವೆಲ್ಲ ಗೊಳ್ಳೆಂದಿತು. ರಾಜೀವಿಯೂ ಕಣ್ಣೀರಿನ ನಡುವೆ ನಕ್ಕಳು. ಆದರೆ ಕಾಲು ತೆಗೆಯಲಿಲ್ಲ.

ಡಬ್ಬಿಯ ತಳದ ಎಣ್ಣೆಯನ್ನು ಹನಿಯೂ ಚೆಲ್ಲದ ಹಾಗೆ ಸುರಿದು ಅವನು ಮತ್ತೆ ಕೆಳಗೆ ತೆವಳಿದ. ಒತ್ತು ಎಂದ. ಗುಳ್ಳೆ ಬಂತು. ಬಿಗಿ ಮಾಡಿ ಬಿಡು ಎಂದ. ಪುನಃ ಒತ್ತು. ಗುಳ್ಳೆ ಸಣ್ಣದಾಯಿತು. ಒಂದೊಂದೇ ಚಕ್ರಕ್ಕೆ ತೆವಳಿ ಅದನ್ನೇ ಮಾಡಿದ. ಕೊನೆಗೆ ಗುಳ್ಳೆಯೇ ಇಲ್ಲದೆ ಎಣ್ಣೆ ನೂಲಿನ ಹಾಗೆ ನೆಟ್ಟಗೆ ಗೆರಟೆಗೆ ಬಿತ್ತು. "ಇಲ್ಲಿ ನೋಡಿ, ಇದು ಕೆಳಗೆ ಹೋಗುದೇ ಇಲ್ಲ! ಕಲ್ಲಿನ ಹಾಗೆ ಆಗಿದೆ!" ಎಂದು ರಾಜೀವಿ ಮೇಲಿನಿಂದ ಕೂಗಿದಳು. ಪೂವಪ್ಪ ಎದ್ದು ಬರಲಿಲ್ಲ. ಕೆಳಗೇ ಮಲಗಿ, ಯಾರಿಗೂ ಕಾಣದ ಹಾಗೆ, ಎಣ್ಣೆಯ ಕೈಯಲ್ಲೇ ಕಣ್ಣು ಒರೆಸಿಕೊಂಡ. ಕಣ್ಣು ಉರಿಯಿತು, ಅದಕ್ಕೂ ತನ್ನನ್ನೇ ಬಯ್ದುಕೊಂಡ.

ಸೋಮವಾರ ಇನ್ಸ್‌ಪೆಕ್ಟರು ಹತ್ತಿ ಕುಳಿತರು. ಪಕ್ಕದಲ್ಲಿ ಪೂವಪ್ಪ ಕುಳಿತ. ಮೈದಾನದಲ್ಲಿ ಕಾರು ವೇಗ ಹಿಡಿಯಿತು. ಇನ್ಸ್‌ಪೆಕ್ಟರು ಬೂಟುಗಾಲಿನಲ್ಲಿ ಬ್ರೇಕನ್ನು ಧಡ್ಡನೆ ಮೆಟ್ಟಿದರು. ಕಾರು ಇದ್ದಲ್ಲೇ ಗಕ್ಕನೆ ನಿಂತಿತು, ಪೂವಪ್ಪನ ಹಣೆ ಗಾಜಿಗೆ ಬಡಿಯಿತು. ಆ ನೋವಿನಲ್ಲೂ ಅವನ ಕೈ ತಾನಾಗಿ ಕೆಳಗೆ ಬಗ್ಗಿ ಪೆಡಲಿನ ಕಡೆ ಹೋಗಿ ಕಣ್ಣಿಗೆ ಬಂತು.

"ಕಾಯ್ ಝಾಲಂ?" ಏನಾಯಿತು ಎಂದು ಇನ್ಸ್‌ಪೆಕ್ಟರು ಗಾಬರಿಯಾಗಿ ಕೇಳಿದರು.

"ಕಾಹೀ ನಾಹೀ ಸಾಹೇಬ್" ಎಂದ ಪೂವಪ್ಪ. "ಘರ್ ಕಾ ಆದತ್." ಮನೆಯಿಂದ ಅಂಟಿದ ಅಭ್ಯಾಸ ಎಂದು ಅದರ ಅರ್ಥ.

ಪಾಸಾಯಿತು. ಅವನು ಸೀದಾ ಚಾಳಿಗೆ ಬಂದು ಹಣೆಯ ಬುಗುಟನ್ನು ಪದಕದ ಹಾಗೆ ಎಲ್ಲರಿಗೂ ತೋರಿಸಿ, ರಾಜೀವಿಯನ್ನು ಹೊಸ ಸೀರೆ ಉಡಿಸಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೈಕುಲ್ಲಾಕ್ಕೆ ಹೊರಟ. ಶೆಟ್ಟರ ಹೋಟೆಲಿನಲ್ಲಿ ಗಿರಾಕಿಯಾಗಿ ಕುಳಿತು, ಬೇರೆಯವರು ಹುಯ್ದ ದೋಸೆಯನ್ನು ತಿಂದು, "ತಳ ಸ್ವಲ್ಪ ಸೀದಿದೆ" ಎಂದು ಹೇಳಬೇಕೆಂಬುದು ಅವನ ಬಹುದಿನದ ಆಸೆ.

ಪರೇಲಿನಿಂದ ಬೈಕುಲ್ಲಾದವರೆಗೆ ರಸ್ತೆಯೆಂದರೆ ರಸ್ತೆಯೇ? ಟ್ರಾಮು, ಕೈಗಾಡಿ, ಮಿಲ್ಲಿನಿಂದ ಬಿಟ್ಟ ಜನ. ಹೆಜ್ಜೆಗೊಮ್ಮೆ ಬ್ರೇಕು. ಸ್ವಲ್ಪ ದೂರ ಹೋದ ಮೇಲೆ ಪೂವಪ್ಪ ಗಮನಿಸಿದ. ಅವನು ಬ್ರೇಕು ಒತ್ತಿದಾಗಲೆಲ್ಲ ರಾಜೀವಿಯ ಕೈ ಡ್ಯಾಷ್‌ಬೋರ್ಡು ಮುಟ್ಟಿ ಕಣ್ಣಿಗೆ ಹೋಗುತ್ತಿತ್ತು.

"ಈಗ ನೀನು ಎಲ್ಲಿ ತುಳಿದದ್ದು? ತುಳಿದದ್ದು ನಾನಲ್ವಾ?" ಎಂದ.

"ಪಾಪ ನಿಮ್ಮ ಲೆಕ್ಕಕ್ಕೆ ಅಂದಿದ್ರಲ್ಲ?" ಎಂದಳು ರಾಜೀವಿ ಮುಂದೆ ನೋಡುತ್ತ. "ನಿಮ್ಮ ಲೆಕ್ಕ ನಾನಲ್ಲದೆ ಇನ್ಯಾರು ತೀರಿಸ್ಬೇಕು?"

ಪೂವಪ್ಪ ವೇಗ ಇಳಿಸಿದ. ಟ್ರಾಮು ನಿಲ್ಲುವ ಮೊದಲೇ ತಾನು ನಿಧಾನಿಸಿದ, ಕೈಗಾಡಿ ಕಂಡರೆ ದೂರದಿಂದಲೇ ದಾರಿ ಬಿಟ್ಟುಕೊಟ್ಟ. ಹಿಂದಿನವರು ಹಾರ್ನು ಬಾರಿಸಿದರು, ಬಾರಿಸಲಿ. ಪೂವಪ್ಪನ ಟ್ಯಾಕ್ಸಿಯಲ್ಲಿ ಕುಳಿತರೆ ಹೊಟ್ಟೆಯ ನೀರು ಅಲುಗುವುದಿಲ್ಲ ಎಂದು ಮುಂದೆ ಫೋರ್ಟಿನ ಗಿರಾಕಿಗಳೆಲ್ಲ ಹೊಗಳುತ್ತಿದ್ದರು. ಎಲ್ಲಿ ಕಲಿತೆ ಎಂದು ಕೇಳಿದರೆ ಅವನು, "ಹೆಂಡತಿಯ ಕೈ ನೋಯಬಾರದಲ್ಲ ಸ್ವಾಮಿ" ಎನ್ನುತ್ತಿದ್ದ. ಗಿರಾಕಿಗಳು ತಲೆಬುಡ ತಿಳಿಯದೆ ನಗುತ್ತಿದ್ದರು.